ಮೂರನೇ ಪಿರಿಯಡ್, ಪೀಟರ್‌ಹೆಡ್

ಬೀರುವಿನಲ್ಲಿ ಹನ್ನೊಂದು ಕೂಸುಗಳಿವೆ.
ಪ್ರತಿ ಫೆಬ್ರವರಿ ಬ್ಯಾಟರಿ ಬದಲಿಸುತ್ತೇನೆ,
ಅಂಗಿ ಒಗೆದು ಹೀಟರಿನ ಮೇಲೆ ಹರವುತ್ತೇನೆ.
ಹನ್ನೆರಡನೆಯದು ಹೋದ ವರ್ಷ ಬಂದರಿನ ನೀರಿಗೆ ಬಿತ್ತು.
ಬಿತ್ತೋ, ಬಿಸುಟರೋ,
ಯಾರೂ ಇನ್ನೂ ಬಾಯಿ ಬಿಟ್ಟಿಲ್ಲ.

ಪಾಳಿಯಂತೆ ಶುಕ್ರವಾರ ಒಯ್ಯಬೇಕು, ಸೋಮವಾರ ತರಬೇಕು.
ಅತ್ತರೆ ಎತ್ತಬೇಕು. ಯಾಕೆ ಅತ್ತಿತೆಂದು ಊಹಿಸಬೇಕು:
ಹಾಲಿಗೋ, ಒದ್ದೆಗೋ, ಸುಮ್ಮನೆಯೋ.
ಬೆನ್ನೊಳಗೊಬ್ಬ ಚಿತ್ರಗುಪ್ತ ಕೂತಿದ್ದಾನೆ,
ವೈರು ಚುಚ್ಚಿದರೆ ಎಲ್ಲ ಕಕ್ಕುತ್ತಾನೆ.

ಮಾರ್ಗೋ: ರಾತ್ರಿ ಎರಡು ಹತ್ತು. ನಲವತ್ತು ನಿಮಿಷ ಅಳು.
ಸ್ಟ್ರೂವನ್: ವಿಪರೀತ ಚಳಿ.
ಅಪ್ಪನ ಮೀನಿನ ಪೆಟ್ಟಿಗೆಯಲ್ಲಿ ಐಸಿನ ಮೇಲೆ ಮಲಗಿಸಿದ್ದನಂತೆ.
"ಅಲ್ಲಿಂದ ಕೇಳಿಸೋದಿಲ್ಲ, ಮಿಸ್."
ನೂರಕ್ಕೆ ನೂರು ಬಂದದ್ದು ಡೊಮಾಂಟಸ್ ಒಬ್ಬನಿಗೆ.
ಅವನಮ್ಮ ಲಿಥುವೇನಿಯಾದವಳು, ಮೀನಿನ ಕಾರ್ಖಾನೆಯಲ್ಲಿ ರಾತ್ರಿಪಾಳಿ.
ಹೇಗೋ ಮಾಡಿದೆ ಅಂದರೆ,
"ತಂಗಿಯ ಪಕ್ಕ ಮಲಗಿಸಿದೆ. ಹೇಗೂ ಏಳ್ತೀನಲ್ಲ."

ಗೊಂಬೆ ಸಾಲದೆಂದು ಮಂಗಳವಾರ ಶೋನಾಳನ್ನು ಕರೆದೆ.
ಹದಿನೇಳು. ಎರಡು ವರ್ಷದ ಹಿಂದೆ ಇದೇ ಕೋಣೆ,
ಕಿಟಕಿಯ ಬೆಂಚು. ನಾಲ್ಕನೇ ನಂಬರಿನ ಗೊಂಬೆ ಒಯ್ದು
ಎಂಬತ್ತೊಂಬತ್ತು ಅಂಕ ತಂದವಳು.
ಕೂಸು ಹುಟ್ಟುವ ಮುನ್ನ ಕುಲಾವಿ ಅನ್ನುತ್ತಾರಲ್ಲ,
ಆ ಕುಲಾವಿ ಹೆಣೆಯಲು ಕಲಿಸಿದವಳೂ ನಾನೇ.

ಬೋರ್ಡಿನ ಮೇಲೆ ಲೆಕ್ಕ ಬರೆದಿಟ್ಟಿದ್ದೆ:
ಡೈಪರಿಗೆ ಇಷ್ಟು, ಹಾಲಿನ ಪುಡಿಗೆ ಇಷ್ಟು, ಬಸ್ಸಿಗೆ,
ನಿದ್ದೆಗೆ ಎದುರು ಒಂದು ಪ್ರಶ್ನಾರ್ಥಕ.
"ಇದ್ದದ್ದನ್ನ ಇದ್ದಹಾಗೆ ಹೇಳು" ಅಂದಿದ್ದೆ.
ಅವಳು ಬಾಯಿ ತೆರೆಯುವಷ್ಟರಲ್ಲಿ
ಕೂಸು ನಕ್ಕಿತು.
ಎರಡೇ ಹಲ್ಲು. ಕೆಳಗಿನವು.

ಮುಗಿಯಿತು ನನ್ನ ಪಾಠ.
ಇಪ್ಪತ್ತಾರು ಮಕ್ಕಳು ಬೆಲ್ಲಕ್ಕೆ ಇರುವೆಯಂತೆ ಮುತ್ತಿದರು.
ಮಾರ್ಗೋ ಅದರ ಕೆನ್ನೆಗೆ ಮೂಗೊತ್ತಿ "ನಂಗೂ ಬೇಕು" ಅಂದಳು.
ಸ್ಟ್ರೂವನ್ ಬೆರಳು ಚಾಚಿದ,
ಅದು ಹಿಡಿದುಕೊಂಡಿತು, ಬಿಡಲೊಲ್ಲದು.
ಹೆಡ್‌ಮಾಸ್ಟರು ಗಾಜಿನಾಚೆಯಿಂದ ಇಣುಕಿ
ಹುಬ್ಬೇರಿಸಿ ಹೋದರು.
ಬ್ಯಾಟರಿಯಿಲ್ಲದ ಆ ನಗೆಗೆ ನನ್ನಲ್ಲಿ ಉತ್ತರವಿರಲಿಲ್ಲ.
ಅದು ಸುಳ್ಳೂ ಅಲ್ಲವಲ್ಲ.

ಶೋನಾಳನ್ನು ಯಾರೂ ನೋಡುತ್ತಿರಲಿಲ್ಲ.
ಕಿಟಕಿಯ ಬೆಂಚಿಗೆ ಹೋದಳು, ಒಂದು ನಿಮಿಷ ಅಂತ.
ತೋಳು ಮಡಿಸಿ ಕೆನ್ನೆಯಿಟ್ಟಳು.
ಕೋಟಿನ ಗುಂಡಿ ಕೂಡ ಬಿಚ್ಚಿರಲಿಲ್ಲ.

ಮೊದಲು ಕಂಡವನು ಡೊಮಾಂಟಸ್.
ತುಟಿಗೆ ಬೆರಳಿಟ್ಟ.
ಒಬ್ಬೊಬ್ಬರಾಗಿ ತಿರುಗಿದರು.
ಹೆಗಲ ಮೇಲೆ ಒಣಗಿದ ಹಾಲಿನ ಕಲೆ,
ಉಗುರಿನ ನೀಲಿ ಬಣ್ಣ ಅರ್ಧ ಉದುರಿ ಅರ್ಧ ಉಳಿದು,
ತುಸು ತೆರೆದ ಬಾಯಿ.
ಹೋದ ವರ್ಷ ನೆಟ್‌ಬಾಲಿನಲ್ಲಿ
ಇವಳು ಗೋಲು ಹಾಕಿದರೆ ಇಡೀ ಜಿಮ್ಮು ಕುಣಿಯುತ್ತಿತ್ತು.

ಹೊರಗೆ ಕಡಲಕಾಗೆಗಳು ಕಸದತೊಟ್ಟಿಗೆ ಕಚ್ಚಾಡುತ್ತಿದ್ದವು.
ಮಾರ್ಗೋ ತುದಿಗಾಲಲ್ಲಿ ಹೋಗಿ ಕಿಟಕಿ ಮುಚ್ಚಿದಳು.

ಹನ್ನೆರಡು ನಿಮಿಷ.
ಕೂಸು ಕೈಯಿಂದ ಕೈಗೆ ದಾಟಿತು.
ಎಂದೋ ಕತ್ತು ನಿಂತ ಕೂಸು. ಆದರೂ ಎಲ್ಲರೂ
ಕತ್ತಿಗೆ ಕೈ ಕೊಟ್ಟೇ ಎತ್ತಿದರು.
ಅಳಲು ಬಾಯಿ ಸೊಟ್ಟಗಾದಾಗ
ಡೊಮಾಂಟಸ್ ಹೆಗಲಿಗೆ ಹಾಕಿಕೊಂಡು
ನನಗೆ ತಿಳಿಯದ ಭಾಷೆಯಲ್ಲಿ ಏನೋ ಗುನುಗುತ್ತ
ಬೋರ್ಡಿನ ಮುಂದೆ ಅತ್ತಿಂದಿತ್ತ ನಡೆದ.
ಲೆಕ್ಕ ಅವನ ಬೆನ್ನಿಗೆ ಒರೆಸಿಹೋಗುತ್ತಿತ್ತು.

ಗಂಟೆ ಹೊಡೆದದ್ದೇ ಶೋನಾ ಬೆಚ್ಚಿ ಎದ್ದಳು.
ಕೈ ಮೊದಲು ಪಕ್ಕದ ಗಾಳಿಯನ್ನು ತಡಕಿತು,
ಕಣ್ಣು ಆಮೇಲೆ ತೆರೆಯಿತು.
"ಸಾರಿ ಮಿಸ್. ನಾನು ಏನೂ ಹೇಳಲೇ ಇಲ್ಲ."

ಕೂಸನ್ನು ಪಟ್ಟಿಗೆ ಬಿಗಿದು, ಚೀಲ ಹೆಗಲಿಗೇರಿಸಿ,
ಬಾಗಿಲ ಬಳಿ ನಿಂತು ಮಕ್ಕಳತ್ತ ತಿರುಗಿದಳು:
"ಕೆಮಿಸ್ಟ್ರಿಯಲ್ಲಿ ಈಗ ಯಾವ ಪಾಠ?
ನಾನು ಬಿಟ್ಟಾಗ ಲವಣಗಳಿದ್ದವು."

ಯಾರಿಗೂ ತಟ್ಟನೆ ನೆನಪಾಗಲಿಲ್ಲ.